ಪೋಸ್ಟ್‌ಡಾಕ್ ಫೆಲೋಶಿಪ್: ಪ್ರಕಟಣೆ ಬರುವ ಮೊದಲೇ ಮುಗಿಯಬೇಕಾದ ಕೆಲಸಗಳು

"ಸರ್, ಸೋಮವಾರ ಲಾಸ್ಟ್ ಡೇಟ್. ಮೆಂಟರ್ ಅಂತ ಯಾರ ಹೆಸರು ಹಾಕುವುದು?"

ಈ ಫೋನು ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ನಮ್ಮ ಕಾಸರಗೋಡಿನ ಕುಂಬಳೆಯಿಂದಲೋ ಬದಿಯಡ್ಕದಿಂದಲೋ ಯಾರೋ ಒಬ್ಬರು. ಪಿಎಚ್‌ಡಿ ಮುಗಿದಿರುತ್ತದೆ, ಪೋಸ್ಟ್‌ಡಾಕ್‌ಗೆ, ಅಂದರೆ ಅದರ ನಂತರದ ಸಂಶೋಧನೆಗೆ ಅರ್ಜಿ ಹಾಕಬೇಕು, ವಿಷಯವೂ ಚೆನ್ನಾಗಿರುತ್ತದೆ. ನನ್ನ ಉತ್ತರ ಮಾತ್ರ ಪ್ರತಿ ಸಲ ಒಂದೇ: ಈ ಸಲದ್ದು ಬಿಟ್ಟುಬಿಡಿ, ಮುಂದಿನದಕ್ಕೆ ಇವತ್ತೇ ಶುರು ಮಾಡಿ. ಕೇಳಿದವರಿಗೆ ಬೇಜಾರಾಗುತ್ತದೆ. ಹೇಳುವುದಕ್ಕೆ ನನಗೂ ಖುಷಿ ಇಲ್ಲ.

ಯೋಗ್ಯತೆ ಸಾಲದೆ ಸೋತವರನ್ನು ನಾನು ಕಂಡದ್ದು ಕಡಿಮೆ. ಕೆಲಸದ ಕ್ರಮ ತಲೆಕೆಳಗಾಗಿ ಸೋತವರೇ ಜಾಸ್ತಿ. ಅರ್ಜಿ ಕರೆಯುವ ಪ್ರಕಟಣೆಗೂ ಕೊನೆಯ ದಿನಾಂಕಕ್ಕೂ ನಡುವೆ ಹೆಚ್ಚಾಗಿ ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಫಾರ್ಮ್ ತುಂಬಬಹುದು. ಮೆಂಟರನ್ನು, ಅಂದರೆ ಸಂಶೋಧನೆಗೆ ಜಾಗ ಕೊಟ್ಟು ಮಾರ್ಗದರ್ಶನ ಮಾಡುವವರನ್ನು ಹುಡುಕಿ, ಒಪ್ಪಿಸಿ, ಪ್ರಪೋಸಲ್ ಬರೆದು, ಸಂಸ್ಥೆಯ ಸಹಿ ತರಲು ಆಗುವುದಿಲ್ಲ. ಅದಕ್ಕೇ ಕೆಳಗೆ ಫಾರ್ಮ್ ತುಂಬುವ ಕೆಲಸವನ್ನು ಏಳನೆಯ ಹಂತಕ್ಕೆ ತಳ್ಳಿದ್ದೇನೆ. ಒಂದರಿಂದ ಆರರವರೆಗಿನದ್ದು ಪ್ರಕಟಣೆ ಬರುವ ಮೊದಲು ಮುಗಿಯಬೇಕು. ಒಟ್ಟು ಎಂಟರಿಂದ ಹತ್ತು ತಿಂಗಳು ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ನೋಟ್‌ಬುಕ್, ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್, ನೆಟ್ಟಗೆ ಸ್ಕ್ಯಾನ್ ಮಾಡುವ ಒಂದು ಅಂಗಡಿ ಅಥವಾ ಅಕ್ಷಯ ಕೇಂದ್ರ (ಕೇರಳ ಸರಕಾರದ ಆನ್‌ಲೈನ್ ಸೇವೆಗಳ ಕೇಂದ್ರ), ಮತ್ತೆ ದಿನಾ ತೆರೆದು ನೋಡುವ ಒಂದು ಇಮೇಲ್ ವಿಳಾಸ. ಕಾಲೇಜು ದಿನಗಳಲ್ಲಿ ಮಾಡಿಕೊಂಡ ತಮಾಷೆಯ ವಿಳಾಸ ಬೇಡ. ಓದುವವರು ನಗುತ್ತಾರೆ, ಉತ್ತರ ಬರೆಯುವುದಿಲ್ಲ.

## ಹಂತ 1: ದಿನಾಂಕಗಳ ಚೀಟಿ ಬರೆಯಿರಿ

ಅರ್ಧ ಗಂಟೆಯ ಕೆಲಸ. ಆದರೆ ಇದನ್ನು ಬಿಟ್ಟವರು ಎರಡು ತಿಂಗಳು ದುಡಿದ ಮೇಲೆ ಅರ್ಹತೆಯೇ ಇಲ್ಲ ಅಂತ ಗೊತ್ತಾಗಿ ಕೂತಿದ್ದಾರೆ.

ಚೀಟಿಯಲ್ಲಿ ನಾಲ್ಕು ದಿನಾಂಕ ಇರಲಿ: ಹುಟ್ಟಿದ್ದು, ಥೀಸಿಸ್ ಸಲ್ಲಿಸಿದ್ದು, ವೈವಾ (ಮೌಖಿಕ ಪರೀಕ್ಷೆ) ಆದದ್ದು, ಪ್ರೊವಿಷನಲ್ ಸರ್ಟಿಫಿಕೇಟಿನ ಮೇಲಿರುವುದು. ಕಾನ್ವೊಕೇಶನ್ ದಿನ ಫೋಟೊಕ್ಕೆ ಚಂದ, ಇಲ್ಲಿ ಅದರಿಂದ ಉಪಯೋಗ ಕಮ್ಮಿ. ಬೇರೆ ಬೇರೆ ಯೋಜನೆಗಳು ಬೇರೆ ಬೇರೆ ದಿನದಿಂದ ಲೆಕ್ಕ ಹಿಡಿಯುತ್ತವೆ. ಯುರೋಪಿನ ಮರಿ ಕ್ಯೂರಿ ಫೆಲೋಶಿಪ್ಪಿಗೆ ಅರ್ಜಿಯ ಕೊನೆಯ ದಿನದೊಳಗೆ ವೈವಾ ಯಶಸ್ವಿಯಾಗಿ ಮುಗಿದಿದ್ದರೆ ಸಾಕು. ಇನ್ನು ಕೆಲವರು ಪದವಿಯ ಅಧಿಸೂಚನೆಯನ್ನೇ ಕೇಳುತ್ತಾರೆ.

ವಯಸ್ಸಿನ ಗೆರೆ ಮೊದಲು ನೋಡಿ. ವಿಜ್ಞಾನ, ಇಂಜಿನಿಯರಿಂಗ್‌ನವರ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ಪಿನ ಪ್ರಕಟಣೆಗಳಲ್ಲಿ ಬಂದಿರುವ ಮಿತಿ 35 ವರ್ಷ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಇನ್ನೂ 5 ವರ್ಷ ಸಡಿಲಿಕೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್‌ನದ್ದು 45. ಮಹಿಳಾ ವಿಜ್ಞಾನಿಗಳಿಗಾಗಿಯೇ ಇರುವ ವೈಸ್ ಪೋಸ್ಟ್‌ಡಾಕ್ ಯೋಜನೆಗೆ 27ರಿಂದ 60ರವರೆಗೂ ಅವಕಾಶ ಉಂಟು. ಮಕ್ಕಳು, ಮನೆ ಅಂತ ಹತ್ತು ವರ್ಷ ಲ್ಯಾಬ್ ಬಿಟ್ಟವರು ಇದನ್ನು ಕೇಳಿಯೇ ಇರುವುದಿಲ್ಲ. ಕೇರಳದ ವಿಜ್ಞಾನ-ತಂತ್ರಜ್ಞಾನ-ಪರಿಸರ ಪರಿಷತ್ತಿನ 'ಬ್ಯಾಕ್ ಟು ಲ್ಯಾಬ್' ಕೂಡ ಅಂಥವರಿಗಾಗಿಯೇ ಇರುವುದು.

ಎಚ್ಚರಿಕೆಯ ಗಂಟೆ: ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ ಅಂತ ನೋಡದೆ ಮುಂದೆ ಹೋಗಬೇಡಿ. ಅರ್ಜಿಯ ಕೊನೆಯ ದಿನವೋ, ಜನವರಿ 1ರೋ, ಬೇರೆ ಯಾವುದೋ. ಎರಡು ವಾರದ ವ್ಯತ್ಯಾಸದಲ್ಲಿ ಅವಕಾಶ ಹೋದದ್ದುಂಟು.

## ಹಂತ 2: ನಿಮ್ಮ ಬಾಗಿಲು ಯಾವುದು ಅಂತ ಗೊತ್ತುಮಾಡಿ

ಪೋಸ್ಟ್‌ಡಾಕ್ ಅಂದರೆ ಒಂದೇ ಸಾಮಾನಲ್ಲ, ಮೂರು ಬಗೆ. ಒಂದು, ಹಣ ನಿಮ್ಮ ಹೆಸರಿಗೆ ಬರುವ ಫೆಲೋಶಿಪ್. ಎರಡು, ಒಂದು ಸಂಸ್ಥೆ ತನ್ನದೇ ಹಣದಿಂದ ಕೊಡುವ ಜಾಗ. ಐಐಎಸ್‌ಸಿ, ಐಐಟಿಗಳಲ್ಲಿ ಇಂಥವು ಉಂಟು. ಮೂರು, ಯಾರದೋ ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸೋಸಿಯೇಟ್ ಕೆಲಸ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ವಾಕ್-ಇನ್ (ನೇರ ಸಂದರ್ಶನ) ಅಂತ ಕರೆಯುವುದು ಹೆಚ್ಚಾಗಿ ಈ ಮೂರನೆಯ ಬಗೆಯದ್ದು. ಅದರಲ್ಲಿ ವಿಷಯ ಅವರದು, ದುಡಿಮೆ ನಿಮ್ಮದು. ಕೀಳು ಅಂತ ಹೇಳುತ್ತಿಲ್ಲ. ಕೇಂದ್ರ ಸರಕಾರದ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಸಂಬಳವನ್ನು 2023ರ ಜನವರಿ 1ರಿಂದ ತಿಂಗಳಿಗೆ 58,000, 61,000, 67,000 ಅಂತ ಮೂರು ಮೆಟ್ಟಿಲಲ್ಲಿ ನಿಗದಿ ಮಾಡಿದ್ದಾರೆ, ಬಾಡಿಗೆ ಭತ್ಯೆ ಬೇರೆ. ಫೆಲೋಶಿಪ್ಪಿಗೆ ತಯಾರಾಗುವಾಗ ಮನೆ ಖರ್ಚಿಗೆ ಇದು ಒಳ್ಳೆಯ ದಾರಿ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಮೊದಲನೆಯ ಬಗೆಯ ಬಗ್ಗೆ. ಯಾವ ವಿಷಯದವರಿಗೆ ಯಾವ ಬಾಗಿಲು ಅಂತ ಪಟ್ಟಿ ಕೊಡುವ ಬದಲು ಒಂದು ಉದಾಹರಣೆ ಹಿಡಿಯೋಣ. ನಮ್ಮ ಬಾಯಾರು, ಎಣ್ಮಕಜೆ ಕಡೆಯ ನೀರಿನ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದು, ಒಸರುವ ನೀರನ್ನು ಪಂಪ್ ಇಲ್ಲದೆ ತೋಟಕ್ಕೆ ತರುವ ವ್ಯವಸ್ಥೆ.

ಭೂವಿಜ್ಞಾನದವರು ಕೇಳುವ ಪ್ರಶ್ನೆ: ತಿಂಗಳಿಂದ ತಿಂಗಳಿಗೆ ನೀರಿನ ಹರಿವು ಹೇಗೆ ಬದಲಾಗುತ್ತದೆ? ಅವರು ಹೋಗಬೇಕಾದ್ದು ಎಎನ್‌ಆರ್‌ಎಫ್‌ಗೆ, ಅಂದರೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ. ಮೊದಲು ಎಸ್‌ಇಆರ್‌ಬಿ ಅಂತ ಇದ್ದದ್ದು 2023ರ ಕಾಯ್ದೆಯ ನಂತರ ಇದರೊಳಗೆ ಸೇರಿಹೋಗಿದೆ. ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಇವರದ್ದೇ, ಅವಧಿ 2 ವರ್ಷ. ಸುರಂಗದ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ನೋಡುವವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಆರ್‌ಎ ಕೂಡ ಉಂಟು. ಅದನ್ನು ನಡೆಸುವುದು ಬೆಂಗಳೂರಿನ ಐಐಎಸ್‌ಸಿ.

ಸಮಾಜಶಾಸ್ತ್ರದವರು ಬೇರೆಯದೇ ಕೇಳುತ್ತಾರೆ: ಜಾಗ ಪಾಲಾದ ಮೇಲೆ ಒಂದೇ ಸುರಂಗದ ನೀರನ್ನು ಅಣ್ಣ ತಮ್ಮಂದಿರು ಹೇಗೆ ಹಂಚಿಕೊಳ್ಳುತ್ತಾರೆ? ಅದು ಐಸಿಎಸ್‌ಎಸ್‌ಆರ್. ಹಳೆಯ ಭೂದಾಖಲೆ ಹಿಡಿದು ಹೊರಟವರು ಇತಿಹಾಸ ಸಂಶೋಧನಾ ಪರಿಷತ್ತು ಐಸಿಎಚ್‌ಆರ್ ನೋಡಲಿ. ಗಣಿತದವರಿಗೆ ಸುರಂಗದಲ್ಲಿ ಕೆಲಸ ಇಲ್ಲ, ಅವರಿಗೆ ಎನ್‌ಬಿಎಚ್‌ಎಂ ಅಂತ ತಮ್ಮದೇ ಮಂಡಳಿ ಇದೆ.

ಕನ್ನಡ ಎಂ.ಎ., ಪಿಎಚ್‌ಡಿ ಮಾಡಿದವರ ಪಾಡು ಸ್ವಲ್ಪ ಕಷ್ಟವೇ. ನಮ್ಮಲ್ಲಿ ಈ ಗುಂಪೇ ದೊಡ್ಡದು. ಶುದ್ಧ ಸಾಹಿತ್ಯ ವಿಮರ್ಶೆಗೆ ಬಾಗಿಲು ಕಡಿಮೆ. ಆದರೆ ಸುರಂಗ ತೋಡುವವರ ಬಾಯಲ್ಲಿರುವ ಶಬ್ದಗಳನ್ನು, ತುಳು-ಕನ್ನಡ-ಮಲಯಾಳಂ ಬೆರೆತ ಆ ಮಾತನ್ನು ಭಾಷೆ ಮತ್ತು ಸಮಾಜದ ಅಧ್ಯಯನವಾಗಿ ತಂದರೆ ಐಸಿಎಸ್‌ಎಸ್‌ಆರ್‌ನಲ್ಲಿ ಪ್ರಯತ್ನಿಸಬಹುದು. ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ ಮಾನವಿಕ ವಿಷಯದವರನ್ನು ಕರೆಯುತ್ತದೆ. ಅಲ್ಲೇ ಹೋಗಿ ಇರಬೇಕು, ಪುಸ್ತಕದಂಥ ಒಂದು ಬರಹ ಮುಗಿಸಿ ಕೊಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಡಾ. ರಾಧಾಕೃಷ್ಣನ್ ಹೆಸರಿನ ಪೋಸ್ಟ್‌ಡಾಕ್ ಯೋಜನೆ ಘೋಷಿಸಿತು. ಅದರಲ್ಲಿ ಭಾಷಾ ವಿಷಯಗಳೂ ಸೇರಿವೆ.

ನಾವು ಕಾಸರಗೋಡಿನವರು ಮರೆಯುವ ಇನ್ನೊಂದು ಬಾಗಿಲುಂಟು. ತಲೆ ಯಾವಾಗಲೂ ತಲಪಾಡಿ ಗಡಿಯ ಆಚೆ, ಕರ್ನಾಟಕದ ವಿಶ್ವವಿದ್ಯಾಲಯಗಳ ಕಡೆ ತಿರುಗಿರುತ್ತದೆ, ಅಲ್ವಾ? ಕೊಣಾಜೆ, ಮೈಸೂರು, ಹಂಪಿ. ಕೇರಳ ಉನ್ನತ ಶಿಕ್ಷಣ ಪರಿಷತ್ತು ನಡೆಸುವ ಮುಖ್ಯಮಂತ್ರಿಗಳ ನವ ಕೇರಳ ಪೋಸ್ಟ್‌ಡಾಕ್ ಫೆಲೋಶಿಪ್ ನಮಗೂ ಸೇರಿದ್ದೇ. ಇದಕ್ಕೆ ಕೇರಳದೊಳಗಿನ ಸಂಸ್ಥೆ ಬೇಕು. ನಮ್ಮ ವಿಷಯ ಕೇರಳದ್ದೂ ಹೌದು ಅಂತ ನಾವೇ ತೋರಿಸಬೇಕು.

ವಿದೇಶದ್ದು ಬೇಕಾದರೆ ನಿಯಮಗಳ ಮೂಲೆಗಳನ್ನು ಓದಿ. ಮರಿ ಕ್ಯೂರಿಯಲ್ಲಿ ಪಿಎಚ್‌ಡಿ ನಂತರದ ಸಂಶೋಧನಾ ಅನುಭವ 8 ವರ್ಷ ಮೀರಬಾರದು. ಹೋಗಬೇಕಾದ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅಂಕ ಅವರು ಇಟ್ಟ ಗೆರೆಗಿಂತ ಕಮ್ಮಿ ಬಂದರೆ ಅದೇ ಸಂಸ್ಥೆಯಿಂದ ಮರುವರ್ಷ ಹಾಕುವಂತಿಲ್ಲ, ಹಾಗಾಗಿ ಸುಮ್ನೆ ಒಂದು ಕಲ್ಲು ಹೊಡೆದು ನೋಡೋಣ ಅನ್ನುವ ಆಟ ಇಲ್ಲಿ ನಡೆಯುವುದಿಲ್ಲ. ಫುಲ್‌ಬ್ರೈಟ್-ನೆಹರೂ ಪೋಸ್ಟ್‌ಡಾಕ್ ಪಿಎಚ್‌ಡಿ ಆಗಿ 4 ವರ್ಷದೊಳಗಿನವರಿಗೆ. ಅದರ ವೀಸಾದ ಜೊತೆ ಎರಡು ವರ್ಷ ಊರಿಗೆ ಮರಳಿ ಇರಬೇಕೆಂಬ ಷರತ್ತು ಬರುತ್ತದೆ, ಅಲ್ಲೇ ನೆಲೆಸುವ ಯೋಚನೆ ಇದ್ದವರು ಮೊದಲೇ ತಿಳಿದಿರಲಿ. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್ಪಿಗೆ ಅರ್ಜಿ ಹಾಕುವುದು ನೀವಲ್ಲ, ಅಲ್ಲಿನ ಪ್ರೊಫೆಸರು.

ಸಾಮಾನ್ಯ ತಪ್ಪು: ಹಳೆಯ ವಾಟ್ಸಾಪ್ ಪಟ್ಟಿ ನಂಬುವುದು. ಈಗಲೂ ಡಾ. ಡಿ. ಎಸ್. ಕೊಠಾರಿ ಪೋಸ್ಟ್‌ಡಾಕ್ ಅಂತ ಫಾರ್ವರ್ಡ್ ಬರುತ್ತದೆ. ಆ ಹೆಸರಿನಲ್ಲಿ ಯುಜಿಸಿ 2022ರಲ್ಲಿ ತಂದದ್ದು ಹೊಸದಾಗಿ ಸೇರಿದ ಅಧ್ಯಾಪಕರ ಸಂಶೋಧನಾ ಅನುದಾನ. ಯೋಜನೆಗಳ ಹೆಸರು ಬದಲಾಗುತ್ತವೆ, ಕೆಲವು ವರ್ಷ ಪ್ರಕಟಣೆಯೇ ಬರುವುದಿಲ್ಲ. ಎರಡು ದೇಶದೊಳಗಿನದ್ದು, ಒಂದು ರಾಜ್ಯದ್ದು, ಬೇಕಾದರೆ ಒಂದು ಹೊರಗಿನದ್ದು ಆರಿಸಿ. ಆಯಾ ಸಂಸ್ಥೆಯ ವೆಬ್‌ಸೈಟಿನಿಂದಲೇ ಹಿಂದಿನ ವರ್ಷದ ಪ್ರಕಟಣೆ ಇಳಿಸಿಕೊಳ್ಳಿ. ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಹೊಸತು ಬಂದಾಗ ಬದಲಾದ ಸಾಲು ಮಾತ್ರ ನೋಡಿದರಾಯಿತು.

## ಹಂತ 3: ಪ್ರಕಟವಾದದ್ದನ್ನು ಓದುವವರಿಗೆ ಕಾಣುವಂತೆ ಇಡಿ

ಥೀಸಿಸ್‌ಗಳನ್ನು ಆನ್‌ಲೈನಿನಲ್ಲಿ ಇಡುವ ಶೋಧಗಂಗಾದಲ್ಲಿ ನಿಮ್ಮದು ಏರಿದೆಯಾ ನೋಡಿ. ಒಂದು ಆರ್ಸಿಡ್ ನಂಬರ್ (ಸಂಶೋಧಕರ ಗುರುತಿನ ಸಂಖ್ಯೆ) ಮಾಡಿ, ಪುಕ್ಕಟೆ ಸಿಗುತ್ತದೆ, ಹತ್ತು ನಿಮಿಷ ಸಾಕು. ಥೀಸಿಸ್‌ನ ಒಂದು ಅಧ್ಯಾಯವನ್ನಾದರೂ ಲೇಖನವಾಗಿ ಕಳಿಸಿ. ಅಚ್ಚಾಗದಿದ್ದರೂ 'ಪರಿಶೀಲನೆಯಲ್ಲಿದೆ' ಅಂತ ಬರೆಯಬಹುದು, ಆದರೆ ಅದು ನಿಜವಾಗಿರಬೇಕು.

ಕನ್ನಡದಲ್ಲಿ ಬರೆದವರಿಗೆ ಒಂದು ಕಿವಿಮಾತು. ನಿಮ್ಮ ಲೇಖನ ಎಷ್ಟೇ ಚೆನ್ನಾಗಿರಲಿ, ದಿಲ್ಲಿಯಲ್ಲಿ ಕೂತ ಸಮಿತಿಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲದಿರಬಹುದು. ಪ್ರತಿ ಕನ್ನಡ ಲೇಖನಕ್ಕೆ ಐದು ಸಾಲಿನ ಇಂಗ್ಲಿಷ್ ಸಾರ ಬರೆದಿಡಿ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಕೊಟ್ಟು ಪಕ್ಕದಲ್ಲಿ ಅರ್ಥ ಕೊಡಿ. ಬರೀ ಅನುವಾದ ಕೊಟ್ಟರೆ ಆ ಲೇಖನ ಹುಡುಕಿದರೆ ಸಿಗುವುದಿಲ್ಲ.

ಯುಜಿಸಿ ಒಪ್ಪಿದ ಜರ್ನಲ್‌ಗಳ 'ಕೇರ್' ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ. ಆದರೂ 'ಕೇರ್ ಜರ್ನಲ್, ಮೂರು ದಿನದಲ್ಲಿ ಪ್ರಕಟಣೆ, 1,500 ರೂಪಾಯಿ' ಅಂತ ಮೆಸೇಜು ಬರುವುದು ನಿಂತಿಲ್ಲ. ಮೂರು ದಿನದಲ್ಲಿ ಯಾರೂ ನಿಮ್ಮ ಲೇಖನ ಓದಿ ವಿಮರ್ಶೆ ಮಾಡುವುದಿಲ್ಲ ಮಾರಾಯ್ರೆ. ಅಂಥ ನಾಲ್ಕು ಲೇಖನ ಬಯೊಡೇಟಾದಲ್ಲಿದ್ದರೆ ಒಳ್ಳೆಯ ಐದನೆಯದಕ್ಕೂ ಮರ್ಯಾದೆ ಹೋಗುತ್ತದೆ.

## ಹಂತ 4: ಮೆಂಟರನ್ನು ಹುಡುಕಿ

ತುಂಬ ಜನ ಮುಗ್ಗರಿಸುವುದು ಇಲ್ಲಿ. ಪಿಎಚ್‌ಡಿ ಗೈಡ್ ಬೇರೆ, ಮೆಂಟರ್ ಬೇರೆ. ಗೈಡ್ ಹತ್ತಿರವೇ ಮುಂದುವರಿಯೋಣ ಅಂತ ಅನಿಸುವುದು ಸಹಜ. ಹೆಚ್ಚಿನ ಸಮಿತಿಗಳಿಗೆ ಅದು ರುಚಿಸುವುದಿಲ್ಲ. ಹೊಸ ಜಾಗದಲ್ಲಿ ಹೊಸದೇನು ಕಲಿಯುತ್ತೀರಿ ಅಂತ ಅವರು ನೋಡುತ್ತಾರೆ.

ನಿಮ್ಮ ವಿಷಯದಲ್ಲಿ ಕಳೆದ ಐದು ವರ್ಷಗಳಲ್ಲಿ ಬರೆದವರ ಹೆಸರು ಹತ್ತು ಪಟ್ಟಿ ಮಾಡಿ. ಪ್ರತಿಯೊಬ್ಬರ ಎರಡು ಲೇಖನವಾದರೂ ಓದಿ. ಆಮೇಲೆ ಮೂರು ವಿಷಯ ನೋಡಿ: ಅವರು ಖಾಯಂ ಹುದ್ದೆಯಲ್ಲಿದ್ದಾರಾ, ನಿವೃತ್ತಿಗೆ ಮೂರು ವರ್ಷವಾದರೂ ಇದೆಯಾ, ಈಗಾಗಲೇ ಎಷ್ಟು ಫೆಲೋಗಳಿದ್ದಾರೆ. ರಾಷ್ಟ್ರೀಯ ಪೋಸ್ಟ್‌ಡಾಕ್ ಯೋಜನೆಯಲ್ಲಿ ಒಬ್ಬ ಮೆಂಟರ್ ಹತ್ತಿರ ಒಂದು ಕಾಲಕ್ಕೆ ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ. ಇದನ್ನು ಕೇಳದೆ ಅರ್ಜಿ ಹಾಕಿ ವರ್ಷ ಕಳೆದುಕೊಂಡವರಿದ್ದಾರೆ.

ನಂತರ ಇಮೇಲ್. ನನಗೆ ತೋರಿಸಲು ತರುವ ಇಮೇಲ್‌ಗಳಲ್ಲಿ ಹತ್ತಕ್ಕೆ ಎಂಟು ಹೀಗಿರುತ್ತವೆ: 'ಮಾನ್ಯರೇ, ನಾನು ತಮ್ಮ ಘನ ಮಾರ್ಗದರ್ಶನದಲ್ಲಿ ಪೋಸ್ಟ್‌ಡಾಕ್ ಮಾಡಲು ಇಚ್ಛಿಸುತ್ತೇನೆ, ದಯವಿಟ್ಟು ಅವಕಾಶ ಕೊಡಿ, ಬಯೊಡೇಟಾ ಲಗತ್ತಿಸಿದೆ.' ಇದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಅದಕ್ಕೇ ಉತ್ತರ ಬರುವುದಿಲ್ಲ. ಹೀಗೆ ಬರೆದು ನೋಡಿ, ಕಳಿಸುವಾಗ ಇಂಗ್ಲಿಷಿನಲ್ಲಿರಲಿ:

'ಪ್ರೊಫೆಸರ್ ಅವರಿಗೆ ನಮಸ್ಕಾರ. ನೀರಿನ ಹಂಚಿಕೆ ಬಗ್ಗೆ ನೀವು ಬರೆದ ಲೇಖನದಲ್ಲಿ ಕೆರೆಯ ನೀರಿಗೆ ಊರಿನ ಕಟ್ಟಳೆ ಇರುತ್ತದೆ ಅಂದಿದ್ದೀರಿ. ಕಾಸರಗೋಡಿನ ಸುರಂಗಗಳಲ್ಲಿ ಆ ಕಟ್ಟಳೆ ಕುಟುಂಬದೊಳಗಿನದ್ದು. ಪಿಎಚ್‌ಡಿಗಾಗಿ ನಾನು ಎರಡು ಪಂಚಾಯತಿನಲ್ಲಿ 40 ಮನೆಗಳಿಗೆ ಹೋಗಿದ್ದೆ. ಜಾಗ ಪಾಲಾದ ಮೇಲೆ ಆ ಕಟ್ಟಳೆ ಏನಾಯಿತು ಅನ್ನುವುದು ನನ್ನ ಮುಂದಿನ ಪ್ರಶ್ನೆ. ಐಸಿಎಸ್‌ಎಸ್‌ಆರ್‌ನ ಮುಂದಿನ ಪ್ರಕಟಣೆಗೆ ಅರ್ಜಿ ಹಾಕುವ ಯೋಚನೆ. ಒಂದು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ನಿಮ್ಮಲ್ಲಿ ಜಾಗ ಇದೆಯೇ, ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?'

ಹೊಗಳಿಕೆ ಇಲ್ಲ, ಬೇಡಿಕೊಂಡದ್ದಿಲ್ಲ. ಅವರ ಕೆಲಸ ಓದಿದ್ದೀರಿ ಅಂತ ಗೊತ್ತಾಗುತ್ತದೆ, ನಿಮ್ಮ ಕೈಯಲ್ಲಿ ಏನುಂಟು ಅಂತಲೂ ಗೊತ್ತಾಗುತ್ತದೆ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಮತ್ತೂ ಉತ್ತರ ಇಲ್ಲದಿದ್ದರೆ ಮುಂದಿನ ಹೆಸರು. ಹತ್ತು ಜನರಿಗೆ ಒಂದೇ ದಿನ ಒಂದೇ ಪತ್ರ ಕಳಿಸಬೇಡಿ. ಒಂದೇ ವಿಷಯದವರು ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ.

ಹಿಂದೆ ಸರಿಯಬೇಕಾದ ಸೂಚನೆಗಳೂ ಉಂಟು. 'ಪ್ರಪೋಸಲ್ ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ' ಅಂತ ಓದದೇ ಹೇಳುವವರು. ಫೆಲೋಶಿಪ್ ಸಿಕ್ಕಿದ ಮೇಲೆ ವಾರಕ್ಕೆ ಹದಿನಾರು ಕ್ಲಾಸು ತೆಗೆದುಕೊಳ್ಳಬೇಕು ಅನ್ನುವವರು. ಕಂಟಿಂಜೆನ್ಸಿ ಹಣದ (ಸಂಶೋಧನೆಯ ಚಿಲ್ಲರೆ ಖರ್ಚಿಗೆ ಬರುವ ಹಣ) ಮಾತನ್ನು ಮೊದಲ ಭೇಟಿಯಲ್ಲೇ ಎತ್ತುವವರು. ಒಪ್ಪುವ ಮೊದಲು ಅವರ ಹತ್ತಿರ ಮೊದಲಿದ್ದ ಒಬ್ಬ ಫೆಲೋಗೆ ಫೋನು ಮಾಡಿ. ಆ ಕಡೆಯಿಂದ ಉತ್ತರ ಎಳೆದೆಳೆದು ಬಂದರೆ ನಿಮಗೆ ಅರ್ಥವಾಗುತ್ತದೆ.

## ಹಂತ 5: ಪ್ರಪೋಸಲ್ ಬರೆಯಿರಿ, ಚಿಕ್ಕದು ಮಾಡಿ

'ಕಾಸರಗೋಡು ಜಿಲ್ಲೆಯ ಸುರಂಗಗಳು: ಒಂದು ಅಧ್ಯಯನ.' ಈ 'ಒಂದು ಅಧ್ಯಯನ' ಅನ್ನುವುದು ನಮ್ಮ ಕನ್ನಡ ಥೀಸಿಸ್‌ಗಳಿಗೆ ಅಂಟಿದ ಕೆಸುವಿನ ತುರಿಕೆ. ಅದರಲ್ಲಿ ಪ್ರಶ್ನೆಯೇ ಇಲ್ಲ. ಹೀಗೆ ಬದಲಿಸಿ: 'ಕೊಳವೆಬಾವಿ ಬಂದ ಮೇಲೂ ಬಾಯಾರಿನ ಕೆಲವು ಕುಟುಂಬಗಳು ಸುರಂಗ ಉಳಿಸಿಕೊಂಡದ್ದು ಯಾಕೆ?' ಈಗ ಜಾಗ ಉಂಟು, ಕಾಲ ಉಂಟು, ಯಾರು ಅಂತ ಉಂಟು, ಉತ್ತರ ಹುಡುಕುವ ದಾರಿಯೂ ಕಾಣುತ್ತದೆ.

ಬರೆಯುವ ಕ್ರಮ ಹೀಗಿದ್ದರೆ ಸುಲಭ. ಮೊದಲು ಪ್ರಶ್ನೆ, ಒಂದೇ ವಾಕ್ಯದಲ್ಲಿ. ನಂತರ ಏನು ಮಾಡುತ್ತೀರಿ ಅನ್ನುವುದು. ಆಮೇಲೆ ತಿಂಗಳ ಲೆಕ್ಕ. ಕೊನೆಗೆ ಬೇರೆಯವರು ಈವರೆಗೆ ಏನು ಬರೆದಿದ್ದಾರೆ ಅನ್ನುವ ಭಾಗ. ಫಾರ್ಮಿನಲ್ಲಿ ಈ ಭಾಗ ಮೊದಲು ಬರುತ್ತದೆ ನಿಜ. ಬರೆಯುವಾಗಲೂ ಮೊದಲು ಅದನ್ನೇ ಹಿಡಿದರೆ ಹನ್ನೆರಡು ಪುಟ ಅದೇ ಆಗಿ, ನಿಮ್ಮ ಕೆಲಸಕ್ಕೆ ಒಂದು ಪ್ಯಾರಾ ಉಳಿಯುತ್ತದೆ. ನಾನೇ ಮೊದಲ ಸಲ ಹೀಗೆ ಮಾಡಿದ್ದೆ. ಹಿಂದಿನವರ ಬಗ್ಗೆ ಎಂಟು ಪುಟ, 'ಕ್ಷೇತ್ರಕಾರ್ಯ ಮಾಡಲಾಗುವುದು' ಅಂತ ನನ್ನದೊಂದು ಸಾಲು.

ತಿಂಗಳ ಲೆಕ್ಕದಲ್ಲಿ ನಮ್ಮ ಊರಿನ ಹವಾಮಾನ ಮರೆಯಬೇಡಿ. ಜೂನ್, ಜುಲೈಯಲ್ಲಿ ಸುರಂಗದೊಳಗೆ ಅಳತೆ ಅಂತ ಬರೆದರೆ ಊರು ಗೊತ್ತಿದ್ದವರು ನಗುತ್ತಾರೆ. ಆಟಿಯ ಮಳೆಯಲ್ಲಿ ಗುಡ್ಡ ಹತ್ತುವುದೂ ಕಷ್ಟ, ಮಣ್ಣು ಕುಸಿಯುವ ಭಯ ಬೇರೆ. ಆ ತಿಂಗಳುಗಳನ್ನು ಬರೆಯುವುದಕ್ಕೆ, ದಾಖಲೆ ಓದುವುದಕ್ಕೆ ಇಡಿ. ಫೀಲ್ಡ್ ಕೆಲಸ ದಶಂಬರದಿಂದ ಮೇವರೆಗೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಯಾರಿಗೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಪುರುಸೊತ್ತು ಇರುವುದಿಲ್ಲ ಅನ್ನುವುದೂ ಲೆಕ್ಕದಲ್ಲಿರಲಿ.

ಬಜೆಟ್‌ನಲ್ಲಿ ಗುಂಡು ಸಂಖ್ಯೆ ಹಾಕಬೇಡಿ. 'ಪ್ರವಾಸ: 50,000' ಅಂದರೆ ಕಣ್ಣುಮುಚ್ಚಿ ಬರೆದದ್ದು ಅಂತ ತಿಳಿಯುತ್ತದೆ. ಎಷ್ಟು ದಿನ, ಬಸ್ಸೋ ಜೀಪೋ, ಒಂದು ಸಲಕ್ಕೆ ಎಷ್ಟು ಅಂತ ಗುಣಿಸಿ ತೋರಿಸಿ.

ಬರೆದು ಮುಗಿಸಿ ಹೋಲಿಕೆ ಪರೀಕ್ಷೆ ಮಾಡಿಸಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ. ಆ ನಿಯಮ ಥೀಸಿಸ್ ಮತ್ತು ಲೇಖನಗಳದ್ದು, ಪ್ರಪೋಸಲ್‌ಗೂ ಅದನ್ನೇ ಗೆರೆಯಾಗಿ ಇಟ್ಟುಕೊಳ್ಳುವುದು ಕ್ಷೇಮ. ಸ್ವಂತ ಥೀಸಿಸ್‌ನಿಂದ ಪ್ಯಾರಾ ಪ್ಯಾರಾ ಎತ್ತಿ ಹಾಕಿದರೂ ಯಂತ್ರ ಹಿಡಿಯುತ್ತದೆ. ಕೊನೆಗೆ ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿಸಿ. ನನ್ನ ಮೊದಲ ಓದುಗ ಬ್ಯಾಂಕಿನಲ್ಲಿದ್ದ ಭಾವ. 'ಇದರಲ್ಲಿ ನೀನು ಮಾಡುವುದು ಎಂತದ್ದು?' ಅಂತ ಮೂರು ಕಡೆ ಕೇಳಿದ. ಮೂರೂ ಕಡೆ ತಿದ್ದಿದೆ.

## ಹಂತ 6: ಕಾಗದಪತ್ರ, ಹೆಸರು, ಸಹಿ

ಗಡಿಯಲ್ಲಿರುವ ನಮಗೆ ಈ ಹಂತ ಬೇರೆಯವರಿಗಿಂತ ಉದ್ದ. ಎಸ್‌ಎಸ್‌ಎಲ್‌ಸಿ ಕೇರಳದ್ದು, ಡಿಗ್ರಿ ಮಂಗಳೂರಿನದ್ದು, ಪಿಎಚ್‌ಡಿ ಇನ್ನೆಲ್ಲಿಯದೋ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಪಿಎಚ್‌ಡಿಯಲ್ಲಿ ಮನೆ ಹೆಸರು ಸೇರಿಕೊಂಡಿದೆ. 'ಶೆಟ್ಟಿ'ಯ ಕೊನೆಗೆ ಒಂದು ಕಡೆ ವೈ, ಇನ್ನೊಂದು ಕಡೆ ಐ. ಊರಿನಲ್ಲಿ ಎಲ್ಲರಿಗೂ ಅದು ನೀವೇ ಅಂತ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ.

ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಅಕ್ಷಯ ಕೇಂದ್ರದಿಂದ ಇ-ಡಿಸ್ಟ್ರಿಕ್ಟ್‌ನಲ್ಲಿ 'ವನ್ ಆ್ಯಂಡ್ ದ ಸೇಮ್' ಸರ್ಟಿಫಿಕೇಟಿಗೆ ಅರ್ಜಿ ಹಾಕಿ, ವಿಲೇಜ್ ಆಫೀಸಿನಿಂದ ಬರುತ್ತದೆ. ಆಧಾರ್ ತಿದ್ದುಪಡಿಗೆ ಕೈಹಾಕುವುದಾದರೆ ಪ್ರಕಟಣೆಗೆ ತಿಂಗಳುಗಳ ಮೊದಲೇ ಹಾಕಿ, ನಡುವೆ ಬೇಡ.

ಹಿಂದುಳಿದ ವರ್ಗದವರು ನಾನ್-ಕ್ರೀಮಿಲೇಯರ್ ಸರ್ಟಿಫಿಕೇಟನ್ನು ಕೇಂದ್ರ ಸರಕಾರದ ನಮೂನೆಯಲ್ಲೇ ಕೇಳಿ. ರಾಜ್ಯದ ನಮೂನೆ ಬೇರೆ. ಅದನ್ನು ಲಗತ್ತಿಸಿದ ಕಾರಣಕ್ಕೆ ಸಡಿಲಿಕೆ ಸಿಗದೆ ಹೋಗುವುದುಂಟು. ಇಂಗ್ಲಿಷಿನ ಪ್ರತಿ ತೆಗೆದುಕೊಳ್ಳಿ. ಮದುವೆಯಾಗಿ ಕರ್ನಾಟಕದಿಂದ ಈಚೆ ಬಂದವರಿಗೆ ಜಾತಿ ದಾಖಲೆ ಬೇಕಾಗುವುದು ತಂದೆಯ ಕಡೆಯಿಂದ, ಗಂಡನ ವಿಲೇಜ್ ಆಫೀಸಿನಲ್ಲಿ ಸಿಗುವುದಿಲ್ಲ.

ಇನ್ನು ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ. ನನ್ನ ಒಂದು ಅರ್ಜಿ ಬಿದ್ದುಹೋದದ್ದು ಇಲ್ಲಿ. ಪ್ರಕಟಣೆಯಲ್ಲಿ ಕೇಳಿದ್ದು ಸಂಸ್ಥೆಯ ಮುಖ್ಯಸ್ಥರ ಅಥವಾ ರಿಜಿಸ್ಟ್ರಾರ್ ಸಹಿ. ನಾನು ತಂದದ್ದು ವಿಭಾಗದ ಮುಖ್ಯಸ್ಥರದ್ದು, ಅದೂ ಬಿಳಿ ಹಾಳೆಯಲ್ಲಿ. ಮೊದಲನೆಯ ಸಲ ಸರಿಯಾದ ಸಹಿಗೆ ಹೋಗಿದ್ದೆ, ಆ ದಿನ ಹರತಾಳ. ರೈಲು ಓಡಿತು, ಸ್ಟೇಷನ್ನಿನಿಂದ ಆಚೆ ಒಂದು ಆಟೊ ಇಲ್ಲ. ಎರಡನೆಯ ಸಲ ಹೋದಾಗ ಸಹಿ ಹಾಕಬೇಕಾದವರು ರಜೆ. ಮೂರನೆಯ ಸಲಕ್ಕೆ ಪುರುಸೊತ್ತಿಲ್ಲದೆ ಸಿಕ್ಕಿದ ಸಹಿ ಹಾಕಿಸಿ ಕಳಿಸಿದೆ. ಆರು ತಿಂಗಳ ಕೆಲಸ, ಒಂದು ಹಾಳೆಗೆ ಹೋಯಿತು.

ಆದ್ದರಿಂದ ಹಿಂದಿನ ವರ್ಷದ ನಮೂನೆಯಲ್ಲಿ ಒಪ್ಪಿಗೆ ಪತ್ರದ ಕರಡು ಮೊದಲೇ ಮೆಂಟರಿಗೆ ಕೊಟ್ಟಿಡಿ. ಲೆಟರ್‌ಹೆಡ್, ಸಹಿ, ಸೀಲು, ದಿನಾಂಕ ನಾಲ್ಕೂ ಇರಬೇಕು. ಕೇರಳದ ಸಂಸ್ಥೆಯಾದರೆ ಓಣಂ ರಜೆ ನೋಡಿ, ಕರ್ನಾಟಕದ್ದಾದರೆ ಚೌತಿ, ದಸರಾ ನೋಡಿ. ಮರಿ ಕ್ಯೂರಿಯ ಕೊನೆಯ ದಿನ ಸೆಪ್ಟೆಂಬರಿನಲ್ಲಿ ಬರುವುದು ರೂಢಿ, ಸರಿಯಾಗಿ ಇದೇ ಹಬ್ಬಗಳ ನಡುವೆ.

## ಹಂತ 7: ಫಾರ್ಮ್ ತುಂಬಿ

ಇಷ್ಟು ಮುಗಿದಿದ್ದರೆ ಇದು ಎರಡು ದಿನದ ಕೆಲಸ. ಪ್ರಕಟಣೆ ಬಂದ ದಿನವೇ ನೋಂದಣಿ ಮಾಡಿ. ಕೆಲವು ಪೋರ್ಟಲ್‌ಗಳಲ್ಲಿ ಮೆಂಟರ್ ಕೂಡ ನೋಂದಾಯಿಸಬೇಕು, ಅವರ ಪಾಸ್‌ವರ್ಡ್ ಮರೆತಿರುತ್ತದೆ. ಫೈಲಿನ ಗಾತ್ರದ ಮಿತಿ ನೋಡಿ. ಮೊಬೈಲಿನಲ್ಲಿ ಫೋಟೊ ಹೊಡೆದ ದಾಖಲೆ ಬೇಡ, ಒಂದು ಮೂಲೆ ಕಪ್ಪಾಗಿ ಸೀಲು ಕಾಣುವುದಿಲ್ಲ. ಈ ಲೋಕದಲ್ಲಿ ಪಿಡಿಎಫ್ ಅಂದರೆ ಫೆಲೋಶಿಪ್ಪೂ ಹೌದು, ಫೈಲೂ ಹೌದು. 'ಪಿಡಿಎಫ್ ಕಳಿಸಿ' ಅಂತ ಮೆಂಟರ್ ಅಂದರೆ ಯಾವುದು ಅಂತ ಕೇಳಿಕೊಳ್ಳಿ.

ಕೊನೆಯ ದಿನಕ್ಕೆ ಐದು ದಿನ ಮೊದಲೇ ಸಲ್ಲಿಸಿ. ಕೊನೆಯ ಸಂಜೆ ಸರ್ವರ್ ನಿಧಾನವಾಗುತ್ತದೆ, ನಮ್ಮಲ್ಲಿ ಕರೆಂಟೂ ಹೋಗುತ್ತದೆ. ಸಲ್ಲಿಸಿದ ಮೇಲೆ ರಶೀದಿ ಇಳಿಸಿ. 'ಸೇವ್' ಬೇರೆ, 'ಸಬ್ಮಿಟ್' ಬೇರೆ. ಸೇವ್ ಮಾಡಿ ಆಯಿತು ಅಂತ ಪಾಯಸ ಕುಡಿದವರು ನನಗೇ ಇಬ್ಬರು ಗೊತ್ತು. ಹಾರ್ಡ್ ಕಾಪಿಯನ್ನೂ ಕೇಳಿದ್ದರೆ ಸ್ಪೀಡ್ ಪೋಸ್ಟಿನ ರಶೀದಿ ಅದೇ ಫೋಲ್ಡರಿನಲ್ಲಿರಲಿ.

ಮಧ್ಯವರ್ತಿ ಯಾರಾದರೂ ಫೋನು ಮಾಡಿ 'ಸಮಿತಿಯಲ್ಲಿ ನಮ್ಮವರಿದ್ದಾರೆ, ಪ್ರೊಸೆಸಿಂಗ್ ಫೀಸ್ ಇಷ್ಟು' ಅಂದರೆ ಫೋನು ಇಟ್ಟುಬಿಡಿ.

## ಹಂತ 8: ಸಿಕ್ಕಿದ ಮೇಲೆ

ಆದೇಶ ಬಂದ ಮೇಲೆ ಸೇರಲು ಗಡುವು ಇರುತ್ತದೆ. ಈಗ ಗೆಸ್ಟ್ ಲೆಕ್ಚರರ್ ಆಗಿರುವವರು ಮೊದಲು ರಿಲೀವಿಂಗ್ ಪತ್ರ ತೆಗೆದುಕೊಳ್ಳಿ. ಎರಡು ಕಡೆ ಸಂಬಳ ಪಡೆದದ್ದು ಗೊತ್ತಾದರೆ ಹಣ ಮರಳಿಸಬೇಕಾಗುತ್ತದೆ. ಸೇರಿದ ದಿನವೇ ಜಾಯಿನಿಂಗ್ ರಿಪೋರ್ಟ್ ಕಳಿಸಿ, ಫೆಲೋಶಿಪ್ ಆ ದಿನದಿಂದಲೇ ಲೆಕ್ಕ.

ಮೊದಲ ಹಣ ತಡವಾಗುತ್ತದೆ ಅಂತಲೇ ತಿಳಿದುಕೊಳ್ಳಿ. ನಾಲ್ಕೈದು ತಿಂಗಳ ಮನೆ ಖರ್ಚು ಕೈಯಲ್ಲಿ ಇಲ್ಲದೆ ಬಾಡಿಗೆ ಮನೆ ಮಾಡಬೇಡಿ. ಎರಡನೆಯ ವರ್ಷದ ಕಂತು ಬರಬೇಕಾದರೆ ಮೊದಲ ವರ್ಷದ ಖರ್ಚಿನ ಪಟ್ಟಿ ಮತ್ತು ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ) ಹೋಗಿರಬೇಕು. ಅದು ಸಂಸ್ಥೆಯ ಹಣಕಾಸು ವಿಭಾಗದ ಮೇಜಿನ ಮೇಲೆ ಮಲಗುವ ಕಾಗದ. ಆ ವಿಭಾಗದ ಕ್ಲರ್ಕ್ ಯಾರು ಅಂತ ಮೊದಲ ವಾರದಲ್ಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಬಾಯಾರಿಗೆ ಹೋದ ಬಸ್ ಟಿಕೆಟನ್ನೂ ಬಿಸಾಡಬೇಡಿ. ಬೇಸಿಗೆಯಲ್ಲಿ ಆ ಕಾಗದದ ಅಕ್ಷರ ಮಾಸಿಹೋಗುತ್ತದೆ, ಅವತ್ತೇ ಫೋಟೊ ತೆಗೆದು ಫೋಲ್ಡರಿಗೆ ಹಾಕಿ.